ಯೀಸ್ಟ್ ಕಂಡ ದಿನವೇ ಲೈನ್ ತೆಗೆಸಿದ್ದು: ನನ್ನ ಅನುಭವ

"ಮೇಡಂ, ಒಂದೇ ಬಾಟಲಿಯಲ್ಲಿ ತಾನೆ ಬಂದಿರುವುದು? ಚರ್ಮದಿಂದ ಬೆರೆತದ್ದಿರಬೇಕು, ಇನ್ನೊಂದು ಸಲ ಕಳುಹಿಸುತ್ತೇವೆ." ರಕ್ತದ ಕಲ್ಚರ್‌ನಲ್ಲಿ (ಬಾಟಲಿಯಲ್ಲಿ ರಕ್ತವಿಟ್ಟು ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಯೀಸ್ಟ್, ಅಂದರೆ ಕ್ಯಾಂಡಿಡಾ ಶಿಲೀಂಧ್ರ, ಬಂತೆಂದು ಲ್ಯಾಬಿನಿಂದ ಹೇಳಿದರೆ ನಮ್ಮ ಐಸಿಯುವಿನಿಂದ ಬರುತ್ತಿದ್ದ ಉತ್ತರ ಇದು. ಎರಡನೆಯ ವರದಿಗೆ ಕಾಯುತ್ತಲೇ ಆ ವರ್ಷ ನಾಲ್ಕೋ ಐದೋ ಜನರನ್ನು ಕಳೆದುಕೊಂಡೆವು. ಒಬ್ಬರ ವಿಷಯದಲ್ಲಿ ತಪ್ಪು ನನ್ನದೇ, ನಾನೂ ಸುಮ್ಮನಿದ್ದೆ.

ಆಮೇಲೆ ಹಟ ಹಿಡಿದೆ. ಗ್ರಾಂ ಸ್ಟೇನ್‌ನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮೊಗ್ಗೊಡೆದ ಯೀಸ್ಟ್ ಕೋಶ ಕಂಡರೆ ಸಾಕು, ಅದರ ಜಾತಿ ತಿಳಿಯುವ ಮೊದಲೇ ಫೋನು: ಇಂದೇ ಶಿಲೀಂಧ್ರದ ಔಷಧಿ ಕ್ಯಾಸ್ಪೊಫಂಗಿನ್ ಶುರುಮಾಡಿ, ಇಂದೇ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದಲ್ಲಿಟ್ಟ, ಯೀಸ್ಟ್ ಅಂಟಿಕೊಳ್ಳುವ ನಳಿಕೆ) ತೆಗೆಯಿರಿ. ಔಷಧಿಗೆ ಒಪ್ಪಿದರು, ಲೈನ್ ಮುಟ್ಟಲು ಒಪ್ಪಲಿಲ್ಲ. ಹಿರಿಯ ಸರ್ಜನ್‌ರನ್ನು ಕೊನೆಗೆ ಹೇಗೆ ಒಪ್ಪಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ದುಡ್ಡಿನ ಕಥೆ ಬೇರೆ. ಕ್ಯಾಸ್ಪೊಫಂಗಿನ್ ಮೊದಲ ದಿನ 70 ಮಿಲಿಗ್ರಾಂ, ನಂತರ ದಿನಕ್ಕೆ 50. ಆಗ ವಯಲ್‌ಗೆ ಐದಾರು ಸಾವಿರವಿತ್ತೆಂದು ನೆನಪು. ಕಬ್ಬಿನ ಬಾಕಿ ಬರಲಿ ಎಂದು ಅತ್ತ ರೋಗಿಯ ಮನೆಯವರನ್ನು ನೋಡಲಾರದೆ ಅಗ್ಗದ ಹಳೆಯ ಔಷಧಿ, ಸಾದಾ ಆಂಫೊಟೆರಿಸಿನ್‌ಗೆ ಇಳಿದೆವು. ಚಳಿನಡುಕ, ಏರಿದ ಕ್ರಿಯಾಟಿನಿನ್ (ಮೂತ್ರಪಿಂಡ ಸೋತ ಗುರುತು), ಕುಸಿದ ಪೊಟ್ಯಾಸಿಯಂ. ಉಳಿಸಿದ್ದೆಲ್ಲ ಡಯಾಲಿಸಿಸ್‌ಗೆ ಹೋಯಿತು. ಒಂದು ರಾತ್ರಿ ಯಾರೋ ಅದನ್ನು ಡೆಕ್ಸ್‌ಟ್ರೋಸ್ ಬದಲು ಸಲೈನ್‌ನಲ್ಲಿ ಬೆರೆಸಿ, ಬಾಟಲಿಯೊಳಗೆ ಹಾಲು ಒಡೆದಂತಾಗಿತ್ತು. ರೋಗಿಗೆ ಏರಿಸುವ ಮುನ್ನ ಕಣ್ಣಿಗೆ ಬಿತ್ತು, ಪುಣ್ಯ. ಕೊನೆಗೆ ಲೆಕ್ಕ ಕೂಡಿಬಂದದ್ದು ಹೀಗೆ: ದುಬಾರಿಯದರಲ್ಲಿ ಆರಂಭ; ಐದಾರು ದಿನದಲ್ಲಿ ರೋಗಿ ಸ್ಥಿರವಾಗಿ, ಮರು ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಯೀಸ್ಟ್ ಅಗ್ಗದ ಫ್ಲುಕೊನಜೋಲ್‌ಗೆ ಬಗ್ಗುವುದೆಂದು ಖಚಿತವಾದರೆ ಅದಕ್ಕೆ ಬದಲಾವಣೆ. ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು.

ಈ ನಡುವೆ ಒಂದು ಕಿತಾಪತಿ. ಯೀಸ್ಟ್ ಗುರುತಿಸುವ ಯಂತ್ರವು ಒಂದನ್ನು ಕ್ಯಾಂಡಿಡಾದ ಹೀಮುಲೋನಿಐ ಜಾತಿ ಎಂದಿತು. ನನಗೆ ನಂಬಿಕೆ ಬರಲಿಲ್ಲ. ಯೀಸ್ಟ್ ಬೆಳೆಸಿದ ಪ್ಲೇಟನ್ನು, ಹೀಮುಲೋನಿಐ ಬೆಳೆಯದ 42 ಡಿಗ್ರಿಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಸೊಂಪಾಗಿ ಬೆಳೆದಿತ್ತು. ಮಾಲ್ಡಿ (ಪ್ರೋಟೀನ್ ನೋಡಿ ಜಾತಿ ಗುರುತಿಸುವ ಯಂತ್ರ) ಇರುವ ಕಡೆಗೆ ಕಳುಹಿಸಿದಾಗ ಆರಿಸ್, ಅಂದರೆ ಆಸ್ಪತ್ರೆಯಲ್ಲಿ ಹರಡುವ, ಹಲವು ಔಷಧಿಗೆ ಬಗ್ಗದ ಕ್ಯಾಂಡಿಡಾ, ಎಂದೇ ಬಂತು. ಮರುದಿನದಿಂದ ಮಂಚದ ಕಂಬಿಗಳಿಗೆ ಕ್ಲೋರಿನ್ ದ್ರಾವಣ. ಜರ್ಮ್ ಟ್ಯೂಬ್‌ಗೆ (ಸೀರಮ್‌ನಲ್ಲಿ ಯೀಸ್ಟ್ ಮೊಳಕೆಯೊಡೆದರೆ ಅದು ಆಲ್ಬಿಕನ್ಸ್ ಜಾತಿ ಎನ್ನುವ ಪರೀಕ್ಷೆ) ನನ್ನದೇ ರಕ್ತದ ಸೀರಮ್ ಬಳಸಿಯೂ ನೋಡಿದೆ, ಕೆಲಸ ಮಾಡಿತು. ಆದರೆ ಮೂರು ಗಂಟೆ ದಾಟಿಸಿದರೆ ಇನ್ನೊಂದು ಜಾತಿ ಟ್ರಾಪಿಕಾಲಿಸ್ ಕೂಡ ಆಲ್ಬಿಕನ್ಸ್‌ನ ವೇಷ ಹಾಕುತ್ತದೆ.

ಎಲ್ಲರ ಬಾಯಿ ಮುಚ್ಚಿಸಿದ್ದು ಮೇದೋಜೀರಕದ ಉರಿಯೂತದ ಒಬ್ಬ ರೋಗಿ. ಲೈನ್ ಅದೇ ಸಂಜೆ ಹೊರಗೆ, ಮೂರನೆಯ ದಿನದ ಕಲ್ಚರ್ ಶುದ್ಧ. ಔಷಧಿಯ ಹದಿನಾಲ್ಕು ದಿನವನ್ನು ಅಲ್ಲಿಂದ ಎಣಿಸಿದೆ, ಔಷಧಿ ಶುರುವಾದ ದಿನದಿಂದಲ್ಲ. ಮನೆಗೆ ನಡೆದೇ ಹೋದರು. ಈಗ ಆ ಸರ್ಜನ್ ನನಗಿಂತ ಮೊದಲೇ ಲೈನ್ ತೆಗೆದಿರುತ್ತಾರೆ. ಕಣ್ಣಿನ ವೈದ್ಯರನ್ನು ಮಾತ್ರ ಮೊದಲ ವಾರದೊಳಗೆ ಐಸಿಯುಗೆ ಕರೆತಂದು ಯೀಸ್ಟ್ ಕಣ್ಣಿಗೂ ಹಬ್ಬಿದೆಯೇ ಎಂದು ಅಕ್ಷಿಪಟ ತೋರಿಸುವುದು ಇನ್ನೂ ಸಾಹಸವೇ. ಭಾನುವಾರವಂತೂ ಫೋನು ಎತ್ತುವುದಿಲ್ಲ.