ಇನ್ಸಿಡೆಂಟ್ ಮುಚ್ಚಿದರೆ ಪ್ರಾಬ್ಲಂ ಮುಚ್ಚಿದಂತಲ್ಲ: ಸರ್ವಿಸ್ ಡೆಸ್ಕ್‌ನಲ್ಲಿ ನಾನು ಟಿಕೆಟ್ ವಿಂಗಡಿಸುವ ರೀತಿ

ಸರ್ವಿಸ್ ಡೆಸ್ಕ್ (ಐಟಿ ದೂರು, ಕೋರಿಕೆಗಳನ್ನು ಟಿಕೆಟ್ ಆಗಿ ದಾಖಲಿಸಿ ನೋಡಿಕೊಳ್ಳುವ ತಂಡ) ಕಟ್ಟುವಾಗ ಯಾವ ಟೂಲ್ ಕೊಳ್ಳಬೇಕು ಅನ್ನುವುದು ನನ್ನ ಮಟ್ಟಿಗೆ ಆಮೇಲಿನ ಮಾತು. ಯಾವ ಟಿಕೆಟ್ ಯಾವ ಗುಂಪಿಗೆ ಸೇರುತ್ತದೆ, ಅದನ್ನು ಮುಚ್ಚುವ ಹಕ್ಕು ಯಾರದು ಎಂದು ಮೊದಲು ಗೊತ್ತುಮಾಡಿಕೊಳ್ಳುತ್ತೇನೆ. ಐಟಿ ಸೇವೆಗಳನ್ನು ನಡೆಸುವ ಮಾರ್ಗದರ್ಶಿ ಚೌಕಟ್ಟಾದ, 2019ರಲ್ಲಿ ಬಂದ ಐಟಿಐಎಲ್ 4ರಲ್ಲಿ 34 ಪ್ರಾಕ್ಟೀಸ್‌ಗಳಿವೆ. ದಿನನಿತ್ಯದ ಕೆಲಸ ಓಡುವುದು ಮಾತ್ರ ಇನ್ಸಿಡೆಂಟ್, ಸರ್ವಿಸ್ ರಿಕ್ವೆಸ್ಟ್, ಪ್ರಾಬ್ಲಂ (ಇನ್ಸಿಡೆಂಟ್‌ಗಳ ಹಿಂದಿನ ಮೂಲ ಕಾರಣ), ಚೇಂಜ್ (ವ್ಯವಸ್ಥೆಯಲ್ಲಿ ಮಾಡುವ ಬದಲಾವಣೆ) ಎಂಬ ನಾಲ್ಕರ ಮೇಲೆ.

ರಿಕ್ವೆಸ್ಟ್ ಸುಲಭ. ಇದ್ದದ್ದು ಕೆಟ್ಟರೆ ಇನ್ಸಿಡೆಂಟ್, ಇಲ್ಲದ್ದನ್ನು ಕೇಳಿದರೆ ರಿಕ್ವೆಸ್ಟ್. ಹೊಸ ಲ್ಯಾಪ್‌ಟಾಪ್, ವಿಪಿಎನ್ ಅನುಮತಿ, ಮರೆತ ಪಾಸ್‌ವರ್ಡ್ ಎಲ್ಲ ರಿಕ್ವೆಸ್ಟ್. ಒಂದೇ ಗಂಟೆಯಲ್ಲಿ ಒಂದು ಮಹಡಿಯವರೆಲ್ಲ ಪಾಸ್‌ವರ್ಡ್ ಒಪ್ಪುತ್ತಿಲ್ಲ ಎಂದರೆ ಅದು ರಿಕ್ವೆಸ್ಟ್ ಅಲ್ಲ, ಲಾಗಿನ್ ಸರ್ವರ್‌ನ ಇನ್ಸಿಡೆಂಟ್. ಎರಡನ್ನೂ ಒಂದೇ ಪಟ್ಟಿಯಲ್ಲಿ ತುಂಬಿದರೆ ತಿಂಗಳ ವರದಿಯಲ್ಲಿ ನಿಜವಾದ ತೊಂದರೆ ಕಾಣುವುದೇ ಇಲ್ಲ.

ಗೊಂದಲವೆಲ್ಲ ಇನ್ಸಿಡೆಂಟ್ ಮತ್ತು ಪ್ರಾಬ್ಲಂ ನಡುವೆ. ತಂಡಕ್ಕೆ ಇದನ್ನು ವಿವರಿಸಲು ನಾನು ಬಳಸುವುದು ಸಂಬಳದ ಅಪ್ಲಿಕೇಶನ್ನಿನ ಉದಾಹರಣೆ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಎರಡು ಆ್ಯಪ್ ಸರ್ವರ್. ತಿಂಗಳ ಮೊದಲ ದಿನ ಎಲ್ಲರೂ ಪೇಸ್ಲಿಪ್ ತೆರೆದಾಗ ಪುಟ ಸುತ್ತುತ್ತಲೇ ಇರುತ್ತದೆ. ಲಾಗ್‌ನಲ್ಲಿ ಡೇಟಾಬೇಸ್‌ಗೆ ಹೊಸ ಕನೆಕ್ಷನ್ ಸಿಗುತ್ತಿಲ್ಲ ಎಂಬ ಸಾಲು. ಒಬ್ಬರು ಆ್ಯಪ್ ಸರ್ವರ್ ರೀಸ್ಟಾರ್ಟ್ ಮಾಡುತ್ತಾರೆ, ಸರಿಹೋಗುತ್ತದೆ, ಟಿಕೆಟ್ ಮುಚ್ಚುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ ಹಾಡು.

ರೀಸ್ಟಾರ್ಟ್ ಮಾಡಿದ್ದು ತಪ್ಪಲ್ಲ. ಇನ್ಸಿಡೆಂಟ್‌ನ ಗುರಿಯೇ ಸೇವೆಯನ್ನು ಬೇಗ ಮರಳಿ ತರುವುದು. ಕಾರಣ ಗೊತ್ತಾಗುವವರೆಗೆ ಅದನ್ನು ತೆರೆದಿಟ್ಟುಕೊಳ್ಳಬೇಕಿಲ್ಲ. ಆದರೆ ಅದು ಮುಚ್ಚುವ ಮೊದಲು ಒಂದು ಪ್ರಾಬ್ಲಂ ದಾಖಲೆ ತೆರೆದು ಎರಡನ್ನೂ ಜೋಡಿಸಿರಬೇಕು. ಇನ್ಸಿಡೆಂಟ್ ಸರ್ವಿಸ್ ಡೆಸ್ಕಿನದು, ಗಡುವು ಗಂಟೆಗಳಲ್ಲಿ. ಪ್ರಾಬ್ಲಂ ಡೇಟಾಬೇಸ್ ಬಲ್ಲವರದು, ಗಡುವು ವಾರಗಳಲ್ಲಿ. ಇಬ್ಬರನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದರೆ ಕಾರಣ ಹುಡುಕುವವರೂ ತೇಪೆ ಹಾಕಿ ಎದ್ದು ಹೋಗುತ್ತಾರೆ.

ಕಾರಣ ಹುಡುಕಲು ಲೆಕ್ಕ ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಏನನ್ನೂ ಬದಲಿಸದಿದ್ದರೆ ಗರಿಷ್ಠ ಕನೆಕ್ಷನ್ 100. ಅದರಲ್ಲಿ 3 ಸೂಪರ್‌ಯೂಸರ್‌ಗೆ (ಡೇಟಾಬೇಸ್ ನಿರ್ವಾಹಕರಿಗೆ) ಮೀಸಲು, ಉಳಿದದ್ದು 97. ಪ್ರತಿ ಆ್ಯಪ್ ಸರ್ವರ್‌ನ ಪೂಲ್ (ಅದು ತೆರೆದಿಟ್ಟುಕೊಳ್ಳಬಹುದಾದ ಕನೆಕ್ಷನ್‌ಗಳ ಮಿತಿ) 60 ಎಂದಿದ್ದರೆ ಎರಡೂ ತುಂಬಿದಾಗ ಬೇಡಿಕೆ 120. ಸಾಮಾನ್ಯ ದಿನ ಪೂಲ್ ಅರ್ಧವೂ ತುಂಬದ ಕಾರಣ ದೋಷ ಅಡಗಿ ಕೂತಿರುತ್ತದೆ. (ಮೊದಲಿದ್ದ ಮಿತಿ ಕಡಿಮೆಯೇ. ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂದುಕೊಂಡು ಯಾರೋ ಅದನ್ನು 60 ಮಾಡಿರುತ್ತಾರೆ.)

ಕಾರಣ ತಿಳಿದು ಪರಿಹಾರ ಇನ್ನೂ ಆಗದ ಈ ಸ್ಥಿತಿಯೇ ನೋನ್ ಎರರ್. ಇದರ ಟಿಪ್ಪಣಿಗೆ ‘ಕನೆಕ್ಷನ್ ಎಕ್ಸಾಸ್ಟ್’ ಎಂದು ಶೀರ್ಷಿಕೆ ಕೊಟ್ಟರೆ ಮೊದಲ ಹಂತದವರಿಗೆ (ಡೆಸ್ಕಿನಲ್ಲಿ ಫೋನ್ ಎತ್ತುವವರಿಗೆ) ಹುಡುಕಿದರೆ ಅದು ಸಿಗುವುದಿಲ್ಲ. ‘ಪೇಸ್ಲಿಪ್ ಪುಟ ಸುತ್ತುತ್ತಿದೆ’ ಎಂದು ಬಳಕೆದಾರರು ಫೋನಿನಲ್ಲಿ ಹೇಳುವ ಮಾತಲ್ಲೇ ಬರೆಯಿಸುತ್ತೇನೆ. ಕೆಳಗೆ ವರ್ಕ್‌ಅರೌಂಡ್ (ತಾತ್ಕಾಲಿಕ ದಾರಿ): ಮೊದಲು ಡೇಟಾಬೇಸ್‌ನ ಆ್ಯಕ್ಟಿವಿಟಿ ವ್ಯೂನಲ್ಲಿ ಯಾವ ಸರ್ವರ್‌ನಿಂದ ಎಷ್ಟು ಕನೆಕ್ಷನ್ ಎಂದು ಎಣಿಸಿ ಟಿಕೆಟ್‌ಗೆ ಅಂಟಿಸಿ, ಒಂದು ಆ್ಯಪ್ ಸರ್ವರನ್ನು ಲೋಡ್ ಬ್ಯಾಲೆನ್ಸರ್‌ನಿಂದ (ಬಳಕೆದಾರರನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆಯಿಂದ) ತೆಗೆದು ರೀಸ್ಟಾರ್ಟ್ ಮಾಡಿ, ಮರಳಿ ಸೇರಿಸಿ. ಎಣಿಸದೆ ರೀಸ್ಟಾರ್ಟ್ ಮಾಡಿದರೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಕೆಲಸ ಅರ್ಧಕ್ಕೆ ಬಿಟ್ಟು ಸುಮ್ಮನಿರುವ) ಸ್ಥಿತಿಯ ಕನೆಕ್ಷನ್‌ಗಳನ್ನು ಕಡಿಯುವುದೂ ಉಂಟು, ಆದರೆ ಕಮಿಟ್ ಆಗದ, ಅಂದರೆ ಇನ್ನೂ ಖಾಯಂ ಆಗಿ ಉಳಿಯದ ಕೆಲಸ ರದ್ದಾಗುತ್ತದೆ. ಹಾಗಾಗಿ ಅದನ್ನು ಮೊದಲ ಹಂತಕ್ಕೆ ಬಿಡುವುದಿಲ್ಲ.

ಶಾಶ್ವತ ಪರಿಹಾರ ಚೇಂಜ್ ಮೂಲಕವೇ. ಡೇಟಾಬೇಸ್‌ನ ಮಿತಿ ಏರಿಸಬಹುದು, ಆದರೆ ಅದಕ್ಕೆ ಡೇಟಾಬೇಸನ್ನೇ ರೀಸ್ಟಾರ್ಟ್ ಮಾಡಬೇಕು, ಮೆಮೊರಿಯೂ ಹೆಚ್ಚು ಬೇಕು. ಪೂಲನ್ನು 40ಕ್ಕೆ ಇಳಿಸಿದರೆ ಒಟ್ಟು 80. ರಿಪೋರ್ಟ್ ಮತ್ತು ಮಾನಿಟರಿಂಗ್‌ಗೆ 17 ಉಳಿಯುತ್ತದೆ. ನನ್ನ ಆಯ್ಕೆ ಇದೇ. ಒಂದೊಂದೇ ಸರ್ವರ್ ಬದಲಿಸುವ ಕ್ರಮ, ಪರೀಕ್ಷಿಸುವ ಪುಟ, ಹಳೆಯ ಕಾನ್ಫಿಗ್ ಫೈಲ್ ಇರುವ ಜಾಗ ಮೂರನ್ನೂ ಚೇಂಜ್ ದಾಖಲೆಯಲ್ಲಿ ಕೇಳುತ್ತೇನೆ. ‘ತೊಂದರೆಯಾದರೆ ಹಿಂದಿನ ಸ್ಥಿತಿಗೆ ತರಲಾಗುವುದು’ ಎಂಬ ಸಾಲಿಗೆ ಒಪ್ಪಿಗೆ ಕೊಡುವುದಿಲ್ಲ. ‘15 ನಿಮಿಷದಲ್ಲಿ ಲಾಗಿನ್ ಪರೀಕ್ಷೆ ಪಾಸಾಗದಿದ್ದರೆ ಹಳೆಯ ಫೈಲ್ ಹಾಕಿ ರೀಸ್ಟಾರ್ಟ್’ ಎಂದಿದ್ದರೆ ರಾತ್ರಿ ಎರಡು ಗಂಟೆಗೆ ಯಾರೂ ಚರ್ಚೆಗೆ ಕೂರಬೇಕಿಲ್ಲ. ಚೇಂಜ್ ಯಶಸ್ವಿಯಾದ ಮರುದಿನವೇ ಪ್ರಾಬ್ಲಂ ಮುಚ್ಚಬಾರದು. ಮುಂದಿನ ತಿಂಗಳ ಮೊದಲ ದಿನ ದಾಟಲಿ.

ಸಿಎಂಡಿಬಿ, ಅಂದರೆ ಸರ್ವರ್, ಅಪ್ಲಿಕೇಶನ್‌ಗಳು ಮತ್ತು ಅವುಗಳ ನಡುವಿನ ನಂಟಿನ ದಾಖಲೆ, ಬೇಕಾಗುವುದು ಇಲ್ಲೇ. ನಾಳೆ ಮೂರನೇ ಆ್ಯಪ್ ಸರ್ವರ್ ಸೇರಿಸಿದರೆ ಬೇಡಿಕೆ ಮತ್ತೆ 120. ಯಾವ ಸರ್ವರ್ ಯಾವ ಡೇಟಾಬೇಸ್ ಮೇಲೆ ನಿಂತಿದೆ, ಪೂಲ್ ಎಷ್ಟು ಎಂಬುದು ಅಲ್ಲಿದ್ದರೆ ಒಪ್ಪಿಗೆ ಕೊಡುವವರ ಕಣ್ಣಿಗೆ ಬೀಳುತ್ತದೆ. ಮೌಸ್, ಕೀಬೋರ್ಡ್‌ಗಳನ್ನೆಲ್ಲ ಅದಕ್ಕೆ ತುಂಬುವವರಿದ್ದಾರೆ. ಅಷ್ಟನ್ನೂ ತಿದ್ದುತ್ತಿರಲು ಆಗದೆ, ಆರು ತಿಂಗಳಲ್ಲಿ ಅದನ್ನು ಯಾರೂ ನಂಬುವುದಿಲ್ಲ.

ಪ್ರಯಾರಿಟಿಯನ್ನು ಬಳಕೆದಾರರಿಂದ ಕೇಳಿದರೆ ಎಲ್ಲವೂ ಪಿ1 (ಎಲ್ಲಕ್ಕಿಂತ ಮೊದಲು). ಎಷ್ಟು ಜನರ ಕೆಲಸ ನಿಂತಿದೆ, ಎಷ್ಟು ಹೊತ್ತಿಗೆ ಬೇಕು, ಬೇರೆ ದಾರಿ ಇದೆಯೇ ಎಂದು ಕೇಳಿಸುತ್ತೇನೆ. ಇಂಪ್ಯಾಕ್ಟ್‌ಗೆ 1ರಿಂದ 3, ಅರ್ಜೆನ್ಸಿಗೆ 1ರಿಂದ 3 (1 ಎಂದರೆ ಅತಿ ಹೆಚ್ಚು); ಕೂಡಿ ಒಂದು ಕಳೆದರೆ ಪಿ1ರಿಂದ ಪಿ5. ಸಾಕಷ್ಟು ಒರಟು ಲೆಕ್ಕ, ಆದರೆ ಜಗಳ ನಿಲ್ಲುತ್ತದೆ.

ಎಸ್‌ಎಲ್‌ಎಯಲ್ಲಿ (ಗ್ರಾಹಕರಿಗೆ ಗಡುವಿನ ಮಾತು ಕೊಡುವ ಒಪ್ಪಂದದಲ್ಲಿ) ಸಂಖ್ಯೆಗಿಂತ ಕ್ಯಾಲೆಂಡರ್ ಹೆಚ್ಚು ಕಾಡುತ್ತದೆ. ಸೇವಾ ಸಮಯ 9ರಿಂದ 6, ಗಡುವು 4 ಗಂಟೆ ಎಂದರೆ ಶುಕ್ರವಾರ ಸಂಜೆ 5:30ರ ಟಿಕೆಟ್ ಸೋಮವಾರ 12:30ಕ್ಕೆ ಮೀರುತ್ತದೆ. ಬೆಂಗಳೂರಿನಿಂದ ಬ್ರಿಟನ್ನಿನ ಗ್ರಾಹಕರಿಗೆ ಸೇವೆ ಕೊಡುವ ತಂಡವಾದರೆ ಅವರ 9 ಗಂಟೆ ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ 2:30. ಮಾರ್ಚ್ ಕೊನೆಯ ಭಾನುವಾರದಿಂದ 1:30. ಟೂಲ್‌ನಲ್ಲಿ ಭಾರತೀಯ ಸಮಯವನ್ನೇ ಕೈಯಾರೆ ನಮೂದಿಸಿದ್ದರೆ ಅಂದಿನಿಂದ ಪ್ರತಿದಿನ ಮೊದಲ ಒಂದು ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ನವೆಂಬರ್ 1 ನಮಗೆ ರಜೆ, ಅವರಿಗಲ್ಲ. ಎಸ್‌ಎಲ್‌ಎಗೆ ಗ್ರಾಹಕರ ಕ್ಯಾಲೆಂಡರ್, ಆನ್‌ಕಾಲ್ ಪಾಳಿಗೆ ನಮ್ಮದು ಎಂದು ಬೇರೆ ಬೇರೆ ಇಡಬೇಕು.

ಎಸ್‌ಎಲ್‌ಎಗೆ ಸಹಿ ಹಾಕುವ ಮೊದಲು ಅದರ ಬೆನ್ನಿಗಿರುವ ಒಪ್ಪಂದಗಳನ್ನೂ ಓದಬೇಕು. ಗ್ರಾಹಕರಿಗೆ 4 ಗಂಟೆ ಎಂದು ಹೇಳಿ, ಒಳಗಿನ ನೆಟ್‌ವರ್ಕ್ ತಂಡದ ಓಎಲ್‌ಎ (ಒಳಗಿನ ತಂಡಗಳ ನಡುವಿನ ಒಪ್ಪಂದ) 6 ಗಂಟೆ, ಹಾರ್ಡ್‌ವೇರ್ ವೆಂಡರ್‌ನದು ‘ಮುಂದಿನ ಕೆಲಸದ ದಿನ’ ಎಂದಿದ್ದರೆ ಆ 4 ಗಂಟೆ ಕಾಗದದ ಮೇಲಷ್ಟೇ. ಆಗ ಡೆಸ್ಕಿನವರು ಟಿಕೆಟನ್ನು ‘ಬಳಕೆದಾರರ ಉತ್ತರಕ್ಕೆ ಕಾಯುತ್ತಿದೆ’ ಎಂದು ನಿಲ್ಲಿಸಿ ಗಡಿಯಾರ ಉಳಿಸುತ್ತಾರೆ. ಅದಕ್ಕೇ ಆ ಸ್ಥಿತಿಗೆ ಹಾಕುವಾಗ ಬಳಕೆದಾರರಿಗೆ ಕೇಳಿದ ಪ್ರಶ್ನೆಯನ್ನು ಬರೆಯುವುದು ಕಡ್ಡಾಯ ಮಾಡುತ್ತೇನೆ. ಪ್ರಶ್ನೆ ಖಾಲಿಯಿದ್ದರೆ ಟೂಲ್ ಟಿಕೆಟನ್ನು ನಿಲ್ಲಿಸಲು ಬಿಡುವುದಿಲ್ಲ.