ನೆದರ್‌ಲ್ಯಾಂಡ್ಸ್‌ನಲ್ಲಿ ಬಾಣಂತನ: ಕೊಡಗಿನಿಂದ ಅವ್ವ ಬಂದರೂ ಕ್ರಾಮ್‌ಜೋರ್ಗ್ ಬೇಡ ಅನ್ನಬೇಡಿ

ಐಂಡ್‌ಹೋವನ್, ಆಮ್‌ಸ್ಟರ್‌ಡಾಮ್ ಕಡೆ ಇರುವ ನಮ್ಮ ಕೊಡಗಿನ ಹುಡುಗಿಯರು ಬಸುರಿಯಾದ ಕೂಡಲೇ ಕೇಳುವ ಮಾತು ಒಂದೇ: "ವಿರಾಜಪೇಟೆಯಿಂದ ಅವ್ವ ಬರ್ತಾರೆ, ಮತ್ತೆ ಈ ಕ್ರಾಮ್‌ಜೋರ್ಗ್ ಯಾಕೆ?" ಬೇಕು. ಅವ್ವ ಬಂದರೂ ಬೇಕು.

ಇಲ್ಲಿ ತೊಂದರೆಯಿಲ್ಲದೆ ಹೆರಿಗೆಯಾದರೆ ಕೆಲವೇ ಗಂಟೆಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಡುತ್ತಾರೆ. ಮಡಿಕೇರಿಯಲ್ಲಾದರೆ ವಾರ್ಡಿನ ನರ್ಸ್ ನೋಡಿಕೊಳ್ಳುತ್ತಿದ್ದುದನ್ನು ಇಲ್ಲಿ ಮನೆಗೇ ಬಂದು ನೋಡಿಕೊಳ್ಳುವ ವ್ಯವಸ್ಥೆಯೇ ಕ್ರಾಮ್‌ಜೋರ್ಗ್. ನಮ್ಮೂರಲ್ಲಿ ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವಿನ ತೂಕ, ಜ್ವರ ನೋಡಿ ಹೋಗುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಆದರೆ ಇವರು ಮೊದಲ 8–10 ದಿನ, ದಿನಾ ಕೆಲವು ಗಂಟೆ ನಿಮ್ಮ ಮನೆಯಲ್ಲೇ ಇರುತ್ತಾರೆ. ಡಾಕ್ಟರಲ್ಲ, ಪೂರ್ತಿ ನರ್ಸೂ ಅಲ್ಲ. ಇದಕ್ಕೆಂದೇ ತರಬೇತಿ ಪಡೆದವರು. ಅವರು ಬರೆದಿಟ್ಟ ಲೆಕ್ಕ ನೋಡಿಕೊಂಡೇ ಮಿಡ್‌ವೈಫ್ ಮುಂದಿನದನ್ನು ತೀರ್ಮಾನಿಸುವುದು.

ಬಸುರಿಗೆ ನಾಲ್ಕು ತಿಂಗಳು ತುಂಬುವುದರೊಳಗೆ ಕ್ರಾಮ್‌ಜೋರ್ಗ್‌ಗೆ ಹೆಸರು ನೋಂದಾಯಿಸಿ. ಬೇಸಿಗೆ ರಜೆಯ ತಿಂಗಳುಗಳಲ್ಲಿ ಜನ ಸಿಗುವುದೇ ಕಷ್ಟ. ಸಿಗುವ ಆರೈಕೆ ಒಟ್ಟು ಕಡಿಮೆಯೆಂದರೆ 24 ಗಂಟೆ, ಹೆಚ್ಚೆಂದರೆ 80. ಎದೆಹಾಲು ಕುಡಿಸುವವರಿಗೆ ಸಾಮಾನ್ಯವಾಗಿ 49 ಗಂಟೆ ಸಿಗುತ್ತದೆ. ಎಲ್ಲರಿಗೂ ಕಡ್ಡಾಯವಾದ ಮೂಲ ಆರೋಗ್ಯ ವಿಮೆಯಲ್ಲೇ ಇದು ಸೇರಿದೆ. ಗಂಟೆಗೆ 5 ಯೂರೋಗಿಂತ ಸ್ವಲ್ಪ ಹೆಚ್ಚು ನಿಮ್ಮ ಪಾಲು. ಹೆಚ್ಚುವರಿ ವಿಮೆ ಇದ್ದರೆ ಅದನ್ನೂ ಕಂಪನಿಯೇ ಕೊಡಬಹುದು, ಒಮ್ಮೆ ಕೇಳಿ ನೋಡಿ.

ಮಂಚದ ವಿಷಯ ತಮಾಷೆಯಲ್ಲ. ಹಾಸಿಗೆ ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು, ಬಗ್ಗಿ ಬಗ್ಗಿ ಕ್ರಾಮ್‌ಜೋರ್ಗ್‌ನವರ ಸೊಂಟ ಹೋಗಬಾರದೆಂದು. ಮಂಚದ ಕಾಲಿಗೆ ಇಡುವ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ.

ಇನ್ನು ಅವರು ಬಂದ ಮೇಲೆ ಏನು? ನನ್ನ ತಂಗಿಯ ಮನೆಯಲ್ಲಿ ನೋಡಿದ್ದು ಹೇಳುತ್ತೇನೆ. ಬೆಳಗ್ಗೆ ಬಂದವರೇ ಕೈ ತೊಳೆದು, ತಂಗಿಯ ನಾಡಿ, ಜ್ವರ ನೋಡಿದರು. ಹೊಕ್ಕುಳ ಹತ್ತಿರ ಬೆರಳೂರಿ ಗರ್ಭಕೋಶ ಎಷ್ಟು ಕೆಳಗಿಳಿದಿದೆ ಎಂದು ಅಳೆದರು. ಹೊಲಿಗೆ ನೋಡಿದರು, ಪ್ಯಾಡ್ ಎಷ್ಟು ನೆನೆದಿದೆ ಎಂದು ಕೇಳಿದರು. ಮಗುವನ್ನು ಬಿಚ್ಚಿ ತೂಗಿ, ಕಿಟಕಿಯ ಬೆಳಕಿಗೆ ಹಿಡಿದು ಮೈ ಹಳದಿಯಾಗಿದೆಯೇ ಎಂದು ನೋಡಿದರು. ಹಾಲೂಡಿಸುವಾಗ ಪಕ್ಕದಲ್ಲೇ ಕೂತು, ಮಗುವಿನ ಬಾಯಿ ಮೊಲೆಗೆ ಸರಿಯಾಗಿ ಕಚ್ಚಿಕೊಂಡಿದೆಯೇ ಎಂದು ತೋರಿಸಿಕೊಟ್ಟರು. ಎಲ್ಲ ಮುಗಿದ ಮೇಲೆ ಬಚ್ಚಲು ತೊಳೆದು, ಬಟ್ಟೆ ಒಗೆಯಲು ಹಾಕಿದರು! ಅವ್ವನಿಗೆ ಸಂಕೋಚವೋ ಸಂಕೋಚ.

ತಿಕ್ಕಾಟ ಶುರುವಾಗುವುದು ಜೇನಿನಿಂದ. ಊರಿನ ಜೇನು ಬೆರಳಲ್ಲಿ ಅದ್ದಿ ಕೂಸಿನ ನಾಲಿಗೆಗೆ ಸವರುವ ಆಸೆ ಯಾವ ಅಜ್ಜಿಗಿಲ್ಲ? ಖಂಡಿತ ಬೇಡ. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಒಂದು ವರ್ಷ ತುಂಬದ ಮಗುವಿನ ಕರುಳು ಅದನ್ನು ತಡೆಯಲಾರದು. ಜೇನು ಎಷ್ಟು ಶುದ್ಧವಾದರೂ ಈ ಅಪಾಯ ತಪ್ಪಿದ್ದಲ್ಲ. ಸಾಂಬ್ರಾಣಿ ಹೊಗೆಯೂ ಬೇಡ. ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಾಲದ್ದಕ್ಕೆ 2022ರ ಜುಲೈಯಿಂದ ಇಲ್ಲಿ ಮನೆಯ ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಕಡ್ಡಾಯ, ಇಡೀ ಕಟ್ಟಡ ಎದ್ದು ಕೂರುತ್ತದೆ.

ಆಟಿ ಮಳೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಣಂತಿ ಕೋಣೆ ಬೆಚ್ಚಗಿಟ್ಟವರಿಗೆ, ಮಗುವಿಗೆ ಟೊಪ್ಪಿ, ಸ್ವೆಟರ್, ಮೇಲೊಂದು ರಗ್ಗು ಹೊದಿಸದಿದ್ದರೆ ಸಮಾಧಾನವಿಲ್ಲ. ಇಲ್ಲಿ ಮಗುವಿನ ಮೈ ಬಿಸಿ 36.5ರಿಂದ 37.5 ಡಿಗ್ರಿಯೊಳಗೆ ಇದೆಯೇ ಎಂದು ಅಳೆದೇ ನಿರ್ಧರಿಸುತ್ತಾರೆ. ಅಂಗಾತ ಮಲಗಿಸಬೇಕು, ದಿಂಬಿಲ್ಲ, ಹತ್ತಿಯ ರಜಾಯಿ ಇಲ್ಲ. ಅತಿಯಾಗಿ ಬಿಸಿಯಾದರೆ ನಿದ್ದೆಯಲ್ಲೇ ಜೀವಕ್ಕೆ ಅಪಾಯ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನೂ ಅವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಮೆಣಸಿನ ಸಾರು, ಬೆಳ್ಳುಳ್ಳಿ, ಕೋಳಿ ಸಾರು ಧಾರಾಳವಾಗಿ ಆಗಲಿ. ಅಡುಗೆಮನೆ ಪೂರ್ತಿ ಅವ್ವನದು; ಥರ್ಮಾಮೀಟರು, ತೂಕದ ಲೆಕ್ಕ ಅವರದು.

ಅಂದಹಾಗೆ ಸೂಟ್‌ಕೇಸ್: ಹಂದಿ ಉಪ್ಪಿನಕಾಯಿ, ತುಪ್ಪ ತರಬೇಡಿ. ಭಾರತದಿಂದ ಬರುವ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ಯೂರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಒಣ ಕಾಳುಮೆಣಸು, ಕಾಚಂಪುಳಿ (ನಮ್ಮ ಕೊಡಗಿನ ಹುಳಿ) ತನ್ನಿ. ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಕಡಿಮೆಯೆಂದರೆ 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆಯೂ ಬೇಕು. ಹೆರಿಗೆಗೆ ತಿಂಗಳ ಮೊದಲೇ ಅವ್ವನನ್ನು ಕರೆಸಿ ಆ ದಿನಗಳನ್ನು ಕಳೆದುಕೊಳ್ಳಬೇಡಿ. ಕ್ರಾಮ್‌ಜೋರ್ಗ್‌ನವರು ಹೋದ ಮೇಲೆ ಮನೆ ಖಾಲಿಯಾದಾಗಲೇ ಅವ್ವ ನಿಜವಾಗಿ ಬೇಕಾಗುವುದು.

ಮನೆಯಲ್ಲಿ ಕ್ರಾಮ್‌ಜೋರ್ಗ್‌ನವರಿಲ್ಲದ ಹೊತ್ತು ಬಾಣಂತಿಗೆ ಜ್ವರ 38 ದಾಟಿದರೆ, ಒಂದೇ ಗಂಟೆಯಲ್ಲಿ ಪ್ಯಾಡ್ ತೊಯ್ದು ಹೋದರೆ, ಮೀನಖಂಡ ಊದಿ ನೋವಾದರೆ, ಮಗು ಹಾಲಿಗೆ ಏಳದಿದ್ದರೆ ಕಾಯಬೇಡಿ. ಅವರು ಲೆಕ್ಕ ಬರೆದಿಡುವ ಫೈಲಿನಲ್ಲಿ ಮಿಡ್‌ವೈಫ್ ನಂಬರ್ ಇರುತ್ತದೆ, ರಾತ್ರಿ ಎಷ್ಟೇ ಹೊತ್ತಾದರೂ ಎತ್ತುತ್ತಾರೆ. ರಕ್ತ ನಿಲ್ಲದೆ ಹೋಗುತ್ತಿದ್ದರೆ ನೇರ 112.

ಹುಟ್ಟಿದ ಮೂರು ದಿನದೊಳಗೆ ಗೆಮೇಂಟೆ (ಸ್ಥಳೀಯ ಪುರಸಭೆ) ಕಚೇರಿಯಲ್ಲಿ ಜನನ ನೋಂದಣಿ ಆಗಬೇಕು. ಸಾಮಾನ್ಯವಾಗಿ ಗಂಡನೇ ಹೋಗಿ ಬರುತ್ತಾನೆ. ಮೂರರಿಂದ ಏಳನೇ ದಿನದೊಳಗೆ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ, ಅಪರೂಪದ ಹುಟ್ಟುಕಾಯಿಲೆ ಪತ್ತೆಗೆ. ಆಮೇಲೆ ಮಗುವಿನ ತೂಕ, ಲಸಿಕೆ ಎಲ್ಲ ಕನ್ಸುಲ್ಟಾಟಿ ಬ್ಯೂರೋದ, ಅಂದರೆ ಮಕ್ಕಳ ಆರೋಗ್ಯ ಕೇಂದ್ರದ ಪಾಲಿಗೆ. ನಮ್ಮಲ್ಲಿ ಹುಟ್ಟಿದ ಕೂಡಲೇ ಹಾಕುವ ಕ್ಷಯದ ಲಸಿಕೆ ಬಿಸಿಜಿ ಇಲ್ಲಿ ಎಲ್ಲ ಮಕ್ಕಳಿಗೂ ಇಲ್ಲ. ಭಾರತ ಮೂಲದ ತಂದೆತಾಯಿಯ ಮಕ್ಕಳಿಗೆ ಸುಮಾರು ಆರು ತಿಂಗಳ ಹೊತ್ತಿಗೆ ಜಿಜಿಡಿಯಿಂದ, ಅಂದರೆ ಇಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆಯಿಂದ, ಕರೆ ಬರುತ್ತದೆ. ಬರದಿದ್ದರೆ ನೀವೇ ಕೇಳಿ.