ಪಾರ್ಕಿನ್ಸನ್ ಅಪಾಯ ತಗ್ಗಿಸಿಕೊಳ್ಳುವುದು ಹೇಗೆ? ಮೊದಲು ಕೈಯಿಂದ ಶುರು ಮಾಡಿ

ಕಳೆನಾಶಕದ ಬಾಟಲಿ ತೆರೆಯುತ್ತಾರೆ. ಮುಚ್ಚಳದಲ್ಲೇ ಅಳೆದು ಕ್ಯಾನಿಗೆ ಸುರಿಯುತ್ತಾರೆ. ಬೆರಳಿಗೆ ಅಂಟಿದ್ದನ್ನು ಪ್ಯಾಂಟಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಫೋನ್ ಎತ್ತುತ್ತಾರೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೆ ಅಂತ ಲೆಕ್ಕವಿಲ್ಲ. ನನ್ನ ಅಪ್ಪನೂ ಹೀಗೇ ಮಾಡುತ್ತಿದ್ದರು. ಅರವತ್ತು ದಾಟಿದ ಮೇಲೆ ಅವರಿಗೆ ಪಾರ್ಕಿನ್ಸನ್, ಅಂದರೆ ಕೈ ನಡುಗಿ ಮೈ ಬಿಗಿಯುವ ನರರೋಗ ಬಂತು. ಔಷಧಿ ಹೊಡೆದಿದ್ದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಒಬ್ಬ ವ್ಯಕ್ತಿಯ ಕಾಯಿಲೆಗೆ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಆದರೆ ಅಪಾಯ ಹೆಚ್ಚಿಸುವ ಕೆಲವು ವಿಷಯಗಳು ಗೊತ್ತಿವೆ. ಅವುಗಳಲ್ಲಿ ಹಲವು ನಮ್ಮ ಕೈಯಲ್ಲೇ ಇವೆ.

ಹಂತ 1: ಕೈ ಮೀರಿದ್ದನ್ನು ಪಕ್ಕಕ್ಕಿಡಿ

ವಯಸ್ಸು, ವಂಶವಾಹಿ, ಗಂಡಸಾಗಿರುವುದು: ಈ ಮೂರನ್ನೂ ಬದಲಾಯಿಸಲು ಆಗುವುದಿಲ್ಲ. ಮುಂದಿನದಕ್ಕೆ ಹೋಗೋಣ.

ಹಂತ 2: ವಿಷ ಒಳಗೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಮೆದುಳಿನ ಬುಡದ ಹತ್ತಿರ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಒಂದು ಜಾತಿಯ ಜೀವಕೋಶಗಳಿವೆ. ನಮ್ಮ ಚಲನೆ ಸಲೀಸಾಗಿರಲು ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿರುತ್ತವೆ.

ಹೊರಗಿನ ವಿಷವೊಂದು ಇದೇ ಜೀವಕೋಶಗಳನ್ನು ಹುಡುಕಿ ಕೊಲ್ಲಬಲ್ಲದು ಅಂತ ಗೊತ್ತಾಗಿದ್ದು 1982ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಕದ್ದುಮುಚ್ಚಿ ತಯಾರಿಸಿದ ಮಾದಕವಸ್ತುವನ್ನು ಚುಚ್ಚಿಕೊಂಡ ಕೆಲವು ಯುವಜನರು ಕೆಲವೇ ದಿನಗಳಲ್ಲಿ ಮರದ ಕೊರಡಿನಂತೆ ಬಿಗಿದುಕೊಂಡರು. ಮಾತಿಲ್ಲ, ಅಲುಗಾಟವಿಲ್ಲ. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞರ ತಂಡ ಅದರ ಮೂಲ ಹುಡುಕಿತು. ಆ ಮಾದಕವಸ್ತುವಿನಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಬೆರೆತಿತ್ತು. ಅದು ಮೆದುಳಿಗೆ ಹೋಗಿ ರೂಪ ಬದಲಿಸಿಕೊಂಡು, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾವನ್ನು ಹಾಳುಮಾಡುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆ ಆ ಬದಲಾದ ರೂಪವನ್ನೇ ಹೋಲುತ್ತದೆ. ರೊಟೆನೋನ್ ಎಂಬ ಕೀಟನಾಶಕ ಏಟು ಕೊಡುವುದು ಕೂಡ ಮೈಟೋಕಾಂಡ್ರಿಯಾದ ಅದೇ ಜಾಗಕ್ಕೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಔಷಧಿ ಸಿಂಪಡಿಸುವವರನ್ನು ಪರಿಶೀಲಿಸಿತು. ಈ ಎರಡರಲ್ಲಿ ಯಾವುದನ್ನು ಬಳಸಿದವರಲ್ಲೂ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡುಬಂತು.

ಹಂತ 3: ಔಷಧಿ ಬೆರೆಸುವಾಗ, ಹೊಡೆಯುವಾಗ

ಜನ ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ. ಎಲ್ಲರ ಗಮನ ಗಾಳಿಯ ಮೇಲಿರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಆಯ್ತು ಅನ್ನುತ್ತಾರೆ. ಆದರೆ ವಿಷ ಬಹುಪಾಲು ಒಳಗೆ ಹೋಗುವುದು ಚರ್ಮದಿಂದ. ಅದರಲ್ಲೂ ಕೈಯಿಂದ. ಅತಿ ಅಪಾಯದ ಗಳಿಗೆ ಸಿಂಪಡಿಸುವಾಗಿನದಲ್ಲ, ಬೆರೆಸುವಾಗಿನದು. ಆಗ ಬಾಟಲಿಯಲ್ಲಿ ಇರುವುದು ನೀರು ಸೇರದ ಗಟ್ಟಿ ವಿಷ.

ಗ್ಲೌಸ್ ಹಾಕುವುದರಿಂದ ಏನಾಗುತ್ತೆ ಅಂತ ಕೇಳುವವರಿಗೆ: ಅದೇ ಅಧ್ಯಯನದ ಜನರನ್ನು ನಂತರ ಗ್ಲೌಸ್ ಹಾಕುತ್ತಿದ್ದವರು, ಹಾಕದವರು ಅಂತ ವಿಂಗಡಿಸಿ ನೋಡಿದರು. ಪ್ಯಾರಾಕ್ವಾಟ್‌ಗೂ ಪಾರ್ಕಿನ್ಸನ್‌ಗೂ ನಂಟು ಕಂಡಿದ್ದು ಗ್ಲೌಸ್ ಹಾಕದವರಲ್ಲಿ. ಇದನ್ನು ಓದಿದ ದಿನದಿಂದ ನಾನು ಗ್ಲೌಸ್ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಯಾವ ಗ್ಲೌಸ್? ನೈಟ್ರೈಲ್ ಎಂಬ ಕೃತಕ ರಬ್ಬರಿನದು, ದಪ್ಪನೆಯದು, ಮಣಿಕಟ್ಟು ದಾಟಿ ಮುಂಗೈವರೆಗೆ ಬರುವಂಥದ್ದು. ಒಳಗೆ ಬಟ್ಟೆಯ ಲೈನಿಂಗ್ ಇರಬಾರದು. ಬಟ್ಟೆ ಒಮ್ಮೆ ವಿಷ ಹೀರಿಕೊಂಡರೆ ದಿನವಿಡೀ ಚರ್ಮಕ್ಕೆ ಉಜ್ಜುತ್ತಿರುತ್ತದೆ. ಚರ್ಮದ ಗ್ಲೌಸೂ ಬೇಡ, ಅದೂ ಹೀರುತ್ತದೆ. ಡಾಕ್ಟರುಗಳು ಹಾಕುವ ತೆಳ್ಳನೆಯದು ಬಾಟಲಿ ತಿರುಗಿಸುವಾಗಲೇ ಹರಿಯುತ್ತದೆ. ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳುವವರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗೆ ಸೋರಿದ್ದು ಅಲ್ಲೇ ನಿಲ್ಲುತ್ತದೆ.

ಹಾಕುವ ಮೊದಲು ಗ್ಲೌಸಿಗೆ ನೀರು ತುಂಬಿಸಿ, ಬಾಯಿ ಬಿಗಿಹಿಡಿದು ಹಿಸುಕಿ. ಒಂದು ಹನಿ ಬಂದರೂ ಎಸೆಯಿರಿ. ತೋಳಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕೆಳಗೆ ಹೊಡೆಯುತ್ತಿದ್ದರೆ ಅಂಗಿಯ ತೋಳು ಗ್ಲೌಸಿನ ಹೊರಗಿರಲಿ. ತಲೆಯ ಮೇಲಕ್ಕೆ ಹೊಡೆಯುತ್ತಿದ್ದರೆ ತೋಳು ಗ್ಲೌಸಿನ ಒಳಗಿರಲಿ. ದ್ರವ ಯಾವ ಕಡೆ ಇಳಿಯುತ್ತದೋ ನೋಡಿ ಇದನ್ನು ಬದಲಿಸಬೇಕು, ಇಲ್ಲದಿದ್ದರೆ ಅದು ನೇರ ಗ್ಲೌಸಿನೊಳಗೋ ತೋಳಿನೊಳಗೋ ಇಳಿಯುತ್ತದೆ. ಇದೇ ಕಾರಣಕ್ಕೆ ಪ್ಯಾಂಟ್ ಯಾವಾಗಲೂ ಬೂಟಿನ ಹೊರಗೆ.

ಬೆರೆಸುವಾಗ ಗಾಳಿ ಬೆನ್ನ ಹಿಂದೆ ಇರಲಿ. ಬಾಟಲಿ ಮುಖಕ್ಕಿಂತ ಕೆಳಗಿರಲಿ. ಅಳತೆಗೆ ಬೇರೆಯೇ ಲೋಟ ಇಟ್ಟುಕೊಳ್ಳಿ. ಕಲಕುವುದಕ್ಕೆ ಕೋಲು ಬಳಸಿ, ಕೈ ಹಾಕಬೇಡಿ. ನಾಝಲ್ ಕಟ್ಟಿಕೊಂಡರೆ ಬಾಯಲ್ಲಿ ಊದಬೇಡಿ, ನೀರಲ್ಲಿ ತೊಳೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬೆನ್ನಿಗೆ ಹಾಕುವ ಕ್ಯಾನ್ ಸೋರುತ್ತಿದ್ದರೆ ಆ ದಿನ ಕೆಲಸ ನಿಲ್ಲಿಸಿ. ಒದ್ದೆ ಬೆನ್ನಿನಲ್ಲಿ ನಾಲ್ಕು ಗಂಟೆ ಕೆಲಸ ಮಾಡಿದರೆ ಗ್ಲೌಸ್ ಹಾಕಿದ್ದು ವ್ಯರ್ಥ. ಮುಖಕ್ಕೆ ಕಟ್ಟುವ ಬಟ್ಟೆಯನ್ನು ನಾನು ಒಪ್ಪುವುದಿಲ್ಲ. ಅದು ಆವಿಯನ್ನು ತಡೆಯುವುದಿಲ್ಲ, ಒದ್ದೆಯಾದರೆ ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ. ಲೇಬಲ್ ಮೇಲೆ ಯಾವ ಮಾಸ್ಕ್ ಹೇಳಿದೆಯೋ ಅದನ್ನೇ ತನ್ನಿ.

ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಎಲ್ಲರೂ ಮೊದಲು ಗ್ಲೌಸ್ ಕಿತ್ತು ಹಾಕುತ್ತಾರೆ. ಅದು ತಪ್ಪು. ಗ್ಲೌಸ್ ಕೈಯಲ್ಲಿರುವಾಗಲೇ ಹೊರಭಾಗವನ್ನು ಸೋಪು ಹಾಕಿ ತೊಳೆಯಿರಿ, ಆಮೇಲೆ ಬಿಚ್ಚಿ. ನಂತರ ಕೈ ತೊಳೆದು ಸ್ನಾನ ಮಾಡಿ. ಸ್ನಾನಕ್ಕೆ ಮೊದಲು ಕುರ್ಚಿಯ ಮೇಲೆ ಕೂರಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ನಮ್ಮ ಮನೆಯಲ್ಲಿ ಅಪ್ಪನ ಬಟ್ಟೆಯನ್ನು ಅಮ್ಮ ಬರಿಗೈಯಲ್ಲಿ ಉಜ್ಜುತ್ತಿದ್ದರು. ಗ್ಲೌಸ್ ಬೇಕಿದ್ದದ್ದು ಇಬ್ಬರಿಗೆ ಅಂತ ನಮಗೆ ಹೊಳೆಯಲೇ ಇಲ್ಲ. ಗಟ್ಟಿ ವಿಷ ಚೆಲ್ಲಿದ ಬಟ್ಟೆಯನ್ನಂತೂ ತೊಳೆಯಲೇ ಹೋಗಬೇಡಿ, ಎಸೆದುಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಒಂದೇ: ಪ್ಯಾರಾಕ್ವಾಟ್ ಬೇಡವೇ ಬೇಡ. ಸ್ವಿಟ್ಜರ್ಲೆಂಡ್ 1989ರಲ್ಲೇ ಅದನ್ನು ನಿಷೇಧಿಸಿತು, ಯುರೋಪ್ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿ ಇಲ್ಲ. ಕಳೆಯನ್ನು ಕಿತ್ತರೆ ಬೆನ್ನು ನೋಯುತ್ತದೆ, ನಿಜ. ಆದರೂ ಕೀಳುವುದೇ ಲೇಸು.

ಹಂತ 4: ಗ್ರೀಸ್ ತೊಳೆಯುವ ದ್ರಾವಣಗಳು

ಹೊಲದ ಕೆಲಸ ಇಲ್ಲದವರೂ ಇದನ್ನು ಓದಲೇಬೇಕು. ಲೋಹದ ಜಿಡ್ಡು ತೆಗೆಯಲು, ಡ್ರೈಕ್ಲೀನಿಂಗ್‌ಗೆ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಣವನ್ನು ದಶಕಗಳಿಂದ ಬಳಸಿದ್ದಾರೆ. ಅಮೆರಿಕದ ಕ್ಯಾಂಪ್ ಲೆಜೂನ್ ಎಂಬ ಸೇನಾ ನೆಲೆಯಲ್ಲಿ 1953ರಿಂದ 1987ರವರೆಗೆ ಕುಡಿಯುವ ನೀರಿನಲ್ಲಿ ಇದೂ ಇಂಥ ಬೇರೆ ರಾಸಾಯನಿಕಗಳೂ ಸೇರಿದ್ದವು. ಅಲ್ಲಿದ್ದ ಯೋಧರಲ್ಲಿ, ಇನ್ನೊಂದು ನೆಲೆಯಲ್ಲಿದ್ದವರಿಗಿಂತ ಪಾರ್ಕಿನ್ಸನ್ ಅಪಾಯ ಶೇ 70ರಷ್ಟು ಹೆಚ್ಚಿದೆ ಅಂತ 2023ರಲ್ಲಿ ವರದಿಯಾಯಿತು. ಡಬ್ಬಿಯ ಮೇಲೆ ಈ ಹೆಸರು ಕಂಡರೆ ವಾಪಸ್ ಇಡಿ. ಹೆಸರೇ ಇಲ್ಲದ ಡಬ್ಬಿಯನ್ನು ಮುಟ್ಟಲೂ ಬೇಡಿ. ಕೈಗೆ ಮೆತ್ತಿದ ಗ್ರೀಸನ್ನು ದ್ರಾವಣದಲ್ಲಿ ತೊಳೆಯುವ ಚಾಳಿ ಬಿಡಿ. ಅಡುಗೆ ಎಣ್ಣೆ ಹಚ್ಚಿ, ಸೋಪಿನಲ್ಲಿ ತೊಳೆದರೂ ಹೋಗುತ್ತದೆ, ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ.

ಹಂತ 5: ತಲೆ ಕಾಪಾಡಿಕೊಳ್ಳಿ

ಪ್ರಜ್ಞೆ ತಪ್ಪುವಂಥ ತಲೆಪೆಟ್ಟು ಅಪಾಯ ಹೆಚ್ಚಿಸುತ್ತದೆ. ಹೆಲ್ಮೆಟ್ ಹಾಕಿ, ಅದರ ಪಟ್ಟಿಯನ್ನೂ ಕಟ್ಟಿ.

ಹಂತ 6: ಮಾತ್ರೆಗಳ ಚೀಟಿ ನೋಡಿ

ಕೆಲವು ಮಾತ್ರೆಗಳು ಪಾರ್ಕಿನ್ಸನ್‌ನಂತೆಯೇ ಕಾಣುವ ನಡುಕ, ಬಿಗಿತ ತರುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಝಿನ್, ಮೈಗ್ರೇನ್‌ಗೆ ಕೊಡುವ ಫ್ಲೂನರಿಝಿನ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವುಗಳಲ್ಲಿ ಸೇರಿವೆ. ನಿಲ್ಲಿಸಿದ ಮೇಲೆ ಬಹುತೇಕರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಕಡಿಮೆಯಾಗುತ್ತದೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಮಾತ್ರೆ ತರುವುದು ತುಂಬಾ ತಪ್ಪು.

ಹಂತ 7: ಬೆವರು ಬರುವಷ್ಟು ನಡೆಯಿರಿ

ಚುರುಕಾಗಿ ವ್ಯಾಯಾಮ ಮಾಡುವವರಲ್ಲಿ ಪಾರ್ಕಿನ್ಸನ್ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸುಮ್ನೆ ಅಡ್ಡಾಡುವುದು ಸಾಲದು, ಏದುಸಿರು ಬರಬೇಕು. ಕಾಫಿ ಕುಡಿಯುವವರಲ್ಲೂ ಕಡಿಮೆ ಕಂಡಿದೆ. ಆದರೆ ಕಾಫಿಯೇ ತಡೆಯುತ್ತದೆ ಅಂತ ಸಾಬೀತಾಗಿಲ್ಲ. ಇಷ್ಟವಿದ್ದರೆ ಕುಡಿಯಿರಿ, ಇಲ್ಲದಿದ್ದರೆ ಅದಕ್ಕಾಗಿ ಶುರು ಮಾಡಬೇಡಿ. ಬೀಡಿ ಸಿಗರೇಟು ಸೇದುವವರಲ್ಲಿ ಕಡಿಮೆ ಎಂಬ ಮಾತೂ ಕೇಳಿರುತ್ತೀರಿ. ಅಂಕಿಅಂಶ ಹಾಗೆಯೇ ಇದೆ. ಆದರೆ ಅದನ್ನು ನೆಪ ಮಾಡಿಕೊಂಡು ಸೇದಿದರೆ ಶ್ವಾಸಕೋಶ, ಹೃದಯ ಎರಡನ್ನೂ ಕಳೆದುಕೊಳ್ಳುತ್ತೀರಿ. 'ಮೆದುಳಿಗೆ ಶಕ್ತಿ' ಅಂತ ಮಾರುವ ಪುಡಿ, ಮಾತ್ರೆಗಳಿಗೆ ದುಡ್ಡು ಹಾಕಬೇಡಿ. ಆ ದುಡ್ಡಲ್ಲಿ ಒಳ್ಳೆಯ ಗ್ಲೌಸ್ ಬರುತ್ತದೆ.

ಹಂತ 8: ಒಂದು ಪಟ್ಟಿ ಬರೆದಿಡಿ

ವಾಸನೆ ಗೊತ್ತಾಗದಿರುವುದು, ಬಿಡದ ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು: ಇವು ನಡುಕಕ್ಕಿಂತ ವರ್ಷಗಳ ಮೊದಲೇ ಕಾಣಬಹುದು. ಇದ್ದವರಿಗೆಲ್ಲ ಪಾರ್ಕಿನ್ಸನ್ ಬರುತ್ತದೆ ಅಂತಲ್ಲ, ಹೆದರಬೇಡಿ. ಆದರೆ ನರರೋಗ ತಜ್ಞರ ಬಳಿ ಹೋಗುವಾಗ ಒಂದು ಹಾಳೆ ಜೊತೆಗಿರಲಿ. ಯಾವ ವರ್ಷದಿಂದ ಯಾವ ಕೆಲಸ, ಯಾವ ಔಷಧಿ ಹೊಡೆದಿರಿ, ಯಾವ ದ್ರಾವಣ ಮುಟ್ಟಿದಿರಿ, ಬಾವಿಯ ನೀರು ಕುಡಿದಿರಾ, ತಲೆಗೆ ಪೆಟ್ಟು ಬಿದ್ದಿತ್ತಾ, ಈಗ ಯಾವ ಮಾತ್ರೆ. ಬಾಟಲಿಯ ಹೆಸರು ನೆನಪಿಲ್ಲದಿದ್ದರೆ ಬಣ್ಣ, ವಾಸನೆ, ಯಾವ ಕಳೆಗೆ ಹೊಡೆದಿದ್ದು ಅಂತಾದರೂ ಬರೆಯಿರಿ. ಅಪ್ಪನನ್ನು ಡಾಕ್ಟರು ಇದನ್ನೆಲ್ಲ ಕೇಳಿದಾಗ ನಮ್ಮ ಬಳಿ ಹಾಳೆ ಇರಲಿಲ್ಲ. ಅಪ್ಪನಿಗೆ ನೆನಪಿದ್ದದ್ದು ಬಾಟಲಿಯ ಮುಚ್ಚಳದ ಬಣ್ಣ ಮಾತ್ರ.